ಆಂಟಿಯ ನೂರು ಪ್ರಶ್ನೆಗಳು

ತೊಂಬತ್ತರ ದಶಕದ ನಡುವಿನ ಮಾತು. ಕೂತು ತಿನ್ನುವವರಿಗೆ ಸರ್ಕಾರದ ದುಡ್ಡು ಕೊಡಬಾರದು, ಅಮೆರಿಕನ್ ಸಿಟಿಜನ್ ಅಲ್ಲದವರಿಗಂತೂ ಬಿಡಿಗಾಸೂ ಸಲ್ಲದು ಎಂದು ರಾಜಕಾರಣಿಯೊಬ್ಬ ದಿನಾ ಟಿವಿಯಲ್ಲಿ ಹೇಳುತ್ತಿದ್ದ. ರಾಕ್‌ವಿಲ್‌ನಲ್ಲಿ ನಾವು ಕನ್ನಡದವರು ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುತ್ತಿದ್ದ ಪಾಟ್‌ಲಕ್‌ಗಳಲ್ಲಿ ಎಲ್ಲರೂ ತಟ್ಟೆ ಹಿಡಿದುಕೊಂಡೇ ಹೌದೆಂದು ತಲೆಯಾಡಿಸುತ್ತಿದ್ದೆವು. ನಾನಂತೂ ಒಂದು ಕೈ ಮೇಲೆ. ಕೂತು ತಿನ್ನುವವರು ಎಂದರೆ ಯಾರೋ ಬೇರೆಯವರು ಎಂದೇ ನಮ್ಮೆಲ್ಲರ ಎಣಿಕೆ.

ಆಂಟಿ, ಎಂದರೆ ನನ್ನ ಗೆಳೆಯನ ತಾಯಿ, ಪಕ್ಕದ ಊರು ಗೈದರ್ಸ್‌ಬರ್ಗ್‌ನಲ್ಲಿ ವಯಸ್ಸಾದವರ ಅಪಾರ್ಟ್‌ಮೆಂಟೊಂದರಲ್ಲಿ ಒಬ್ಬರೇ ಇದ್ದರು. ಸೊಸೆಗೂ ಅವರಿಗೂ ಎಣ್ಣೆ ಸೀಗೆಕಾಯಿ. ಮಗನ ಮನೆಯ ಬೇಸ್‌ಮೆಂಟಿನಿಂದ ಅವರನ್ನು ಹೊರತಂದದ್ದು ತಿಂಗಳು ತಿಂಗಳು ಬರುವ ಸರ್ಕಾರದ ಚೆಕ್ಕು. ಅದು ನಿಂತರೆ ಮತ್ತೆ ಬೇಸ್‌ಮೆಂಟೇ ಗತಿ. ಸಿಟಿಜನ್ ಆಗಿಬಿಟ್ಟರೆ ಭಯವಿಲ್ಲ. ಆದರೆ ಅದಕ್ಕೆ ಈ ದೇಶದ ಬಗ್ಗೆ ನೂರು ಪ್ರಶ್ನೆ ಕಲಿಯಬೇಕು. ಭಾನುವಾರ ಭಾನುವಾರ ಹೇಳಿಕೊಡಲು ನಾನು ಒಪ್ಪಿದೆ.

ಆಂಟಿ ಪ್ರಶ್ನೆ, ಉತ್ತರ ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. ಸ್ನಾನ ಮಾಡಿ ದೇವರ ಮುಂದೆ ಕೂತು, ಸ್ತೋತ್ರದ ಹಾಗೆ ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದರು. ಒಂದಕ್ಷರ ತಪ್ಪುತ್ತಿರಲಿಲ್ಲ. ನಾನು ಬೀಗಿದೆ. ನಡುವಿನಿಂದ ಒಂದನ್ನು ಕೇಳಿ ನೋಡಬೇಕೆಂದು ತಲೆಗೆ ಹೊಳೆಯಲೇ ಇಲ್ಲ.

ಇಂಟರ್‌ವ್ಯೂಗೆ ನಾನೇ ಕರೆದುಕೊಂಡು ಹೋದೆ. ಒಳಗೆ, ಸೆನೆಟರುಗಳು ಎಷ್ಟು ಜನ ಎಂದು ಆಫೀಸರ ಕೇಳಿದನಂತೆ. ಆಂಟಿ ಕಣ್ಣು ಮುಚ್ಚಿ, ಮೊದಲನೆಯ ಪ್ರಶ್ನೆಯಾದ ಬಾವುಟದ ಬಣ್ಣದಿಂದ ಶುರು ಮಾಡಿದರಂತೆ. ಅವನು ತಡೆದು ಮತ್ತೆ ಕೇಳಿದ. ಇವರು ಮತ್ತೆ ಬಾವುಟದಿಂದ. ಕೊನೆಗೆ ಇನ್ನೊಮ್ಮೆ ಬನ್ನಿ ಎಂದು ಕಳಿಸಿಬಿಟ್ಟ.

ವಾಪಸು ಬರುವಾಗ ಕಾರಿನಲ್ಲಿ ನಾನು ಆಫೀಸರನ್ನು ಬೈಯುತ್ತಿದ್ದೆ. ಆಂಟಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಟಿವಿಯವನು ಹೇಳುವುದೇ ಸರಿ ಎಂದು ನೀನೂ ಅಂದಿದ್ದೆಯಂತಲ್ಲ, ನಿಜವೇ ಎಂದು ನನ್ನನ್ನು ಕೇಳಿದರು. ಮಗ ಹೇಳಿದ್ದನಂತೆ. ಹೌದೆಂದೆ.

"ನಂಗೂ ಆ ಚೆಕ್ ಬರತ್ತೆ ಅಂತ ನಿಂಗೆ ಗೊತ್ತಿರ್ಲಿಲ್ವೇನೋ," ಎಂದರು. ನಾನು ತಪ್ಪಿಸಿಕೊಳ್ಳಲೆಂದು ದಾರಿ ಬಿಟ್ಟುಕೊಡುತ್ತಿದ್ದರು.

ಅದರ ಅರ್ಜಿ ತುಂಬಿಕೊಟ್ಟವನೇ ನಾನು.

"ಗೊತ್ತಿತ್ತು ಆಂಟಿ," ಎಂದೆ.

ಅವರ ಅಪಾರ್ಟ್‌ಮೆಂಟು ಬಂತು. ಇಳಿದು ಸೆರಗು ಸರಿಮಾಡಿಕೊಂಡು, ಕಾರಿನ ಬಾಗಿಲು ಹಿಡಿದು ನಿಂತರು. "ಮುಂದಿನ್ ಸಲಕ್ಕೆ ಬೇರೆ ಯಾರನ್ನಾದ್ರೂ ಕೇಳ್ತೀನಪ್ಪ. ನಿಂಗ್ಯಾಕೆ ಸುಮ್ನೆ ತೊಂದ್ರೆ," ಎಂದರು.