ಕಾಕಾನ ತಗಡಿನ ಖೋಲಿ

ತೋಟ ಮಾಡುವವರಿಗೆ ತೋಟದ ಮೇಲೆ ಪ್ರೀತಿ ಇರುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಅವರ ಪ್ರೀತಿಯೆಲ್ಲ ತೋಟದ ಮೂಲೆಯಲ್ಲಿರುವ ಖೋಲಿಯ ಮೇಲೆ. ಗುದ್ದಲಿ, ಸಲಿಕೆ, ಒಡೆದ ಕುಂಡ, ಅರ್ಧ ಚೀಲ ಗೊಬ್ಬರ ತುಂಬಿದ ಆ ಕತ್ತಲೆಯ ಗೂಡಿನ ಮೇಲೆ. ಅಂಥದೊಂದು ಗೂಡು ಕಟ್ಟಿಕೊಳ್ಳುವುದಕ್ಕೆ ನೆವ ಬೇಕಲ್ಲ, ಅದಕ್ಕಾಗಿ ನಾಲ್ಕು ಗುಲಾಬಿ ನೆಡುತ್ತಾರೆ. ನೀವು ಇದನ್ನು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಸಂತೋಷವೇ. ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದವನು ನಾನು. ಒಪ್ಪುವವರ ಮುಂದೆ ಮಾತಾಡುವುದೆಂದರೆ ನನಗೆ ಉಪ್ಪಿಲ್ಲದ ಸಾರು ಉಂಡ ಹಾಗೆ.

ಪುರಾವೆ ಇಲ್ಲದೆ ಮಾತಾಡಬಾರದೆಂದು ಪುಣೆಯ ಖೋಲಿಗಳನ್ನು ಬೇಲಿಯ ಆಚೆಯಿಂದ ಸಾಕಷ್ಟು ಇಣುಕಿ ನೋಡಿದ್ದೇನೆ. ಲಷ್ಕರದ ಒಬ್ಬ ಸಾಹೇಬನ ಖೋಲಿಯಲ್ಲಿ ಪ್ರತಿಯೊಂದು ಸಾಮಾನಿಗೂ ಗೋಡೆಯ ಮೇಲೆ ಒಂದು ಮೊಳೆ. ಮೊಳೆಯ ಕೆಳಗೆ ಆ ಸಾಮಾನಿನದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆಸಿದ್ದಾನೆ. ಕತ್ತರಿ ಕಾಣೆಯಾದರೆ ಗೋಡೆಯೇ ಫಿರ್ಯಾದು ಹೇಳುತ್ತದೆ. ಆ ಕತ್ತರಿಗಳನ್ನು ತೋಟದ ಮಾಳಿ ಹಿಡಿಯುತ್ತಾನೆ, ಸಾಹೇಬ ಅಲ್ಲಿ ಪೈಪು ಸೇದುತ್ತ ಕೂಡುತ್ತಾನೆ. ಭಾಂಬುರ್ಡೆಯ ಕಡೆ ಒಬ್ಬ ಪ್ರೊಫೆಸರರ ಖೋಲಿಯಲ್ಲಿ ಆರಾಮಕುರ್ಚಿ ಇದೆ, ತೋಟಗಾರಿಕೆಯ ಪುಸ್ತಕಗಳಿವೆ, ಕಳೆ ಕೀಳುವ ಒಂದು ಖುರಪಿಯೂ ಇದೆ. ಮಣ್ಣು ಕಂಡಿಲ್ಲವಾದ್ದರಿಂದ ಅದಕ್ಕೆ ತುಕ್ಕು ಹಿಡಿದಿಲ್ಲ. ಇನ್ನು ಕೋಥರೂಡದ ಹೊಲಗಳಲ್ಲಿ ನಾಲ್ಕು ಕಂಬದ ಮೇಲೆ ಅಟ್ಟಣಿಗೆ ಕಟ್ಟಿರುತ್ತಾರೆ. ಹಕ್ಕಿ ಕಾಯುವುದಕ್ಕಂತೆ. ನಾನು ನೋಡಿದಾಗ ಹಕ್ಕಿಗಳು ಜೋಳ ತಿನ್ನುತ್ತಿದ್ದವು, ಕಾಯುವವನು ಮಲಗಿದ್ದ. ಇಬ್ಬರಿಗೂ ಪರಸ್ಪರ ತಕರಾರು ಇದ್ದಂತೆ ಕಾಣಲಿಲ್ಲ.

ನಮ್ಮ ಹಳೆಯ ಕವಿಗಳನ್ನು ಕೇಳೋಣವೆಂದರೆ ಅವರಿಂದಲೂ ಉಪಯೋಗವಿಲ್ಲ. ಉದ್ಯಾನವನಗಳಲ್ಲಿ ಲತಾಮಂಟಪವಿದೆ, ಅದರಲ್ಲಿ ವಿರಹದಿಂದ ಬೇಯುವ ನಾಯಿಕೆಯಿದ್ದಾಳೆ, ಅವಳಿಗೆ ತಾವರೆ ಎಲೆಯ ಗಾಳಿ ಬೀಸುವ ಸಖಿಯಿದ್ದಾಳೆ. ಆದರೆ ಆ ಲತೆಗೆ ನೀರು ಹಾಕಿದವನು ಕೊಡವನ್ನು ಎಲ್ಲಿ ಇಡುತ್ತಿದ್ದನೆಂದು ಒಬ್ಬ ಮಹಾಕವಿಯೂ ಬರೆದಿಲ್ಲ. ನನ್ನ ಅನುಮಾನವೆಂದರೆ ಲತಾಮಂಟಪವೇ ಖೋಲಿ. ನಾಯಿಕೆ ಬಂದು ಕೂತದ್ದರಿಂದ ಪಾಪ ತೋಟಗಾರ ಗುದ್ದಲಿ ತರಲಾರದೆ ಹೊರಗೇ ನಿಂತಿದ್ದಾನೆ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ನಮ್ಮ ಕಾಕಾ. ಧಾರವಾಡದ ಕಡೆಯಿಂದ ನೌಕರಿಗೆಂದು ಪುಣೆಗೆ ಬಂದು, ಕಚೇರಿಯಿಂದ ನಿವೃತ್ತರಾಗಿ, ಹಿತ್ತಲಿನಲ್ಲಿ ಬದನೆ ಮತ್ತು ಗುಲಾಬಿ ಬೆಳೆಸುವವರು. ಓದುವುದಕ್ಕೆಂದು ನಾನು ಅವರ ಮನೆಯಲ್ಲೇ ಇದ್ದೇನೆ. ಬಾವಿಯ ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬಿಗಳನ್ನು ಬಿಡಿಸಿ ಮಾಡಿದ ತಗಡಿನಿಂದ ಅವರು ಒಂದು ಖೋಲಿ ಕಟ್ಟಿಕೊಂಡಿದ್ದರು. ಬಾಗಿಲು ಎಷ್ಟು ಗಿಡ್ಡವೆಂದರೆ ದೇವರ ಮುಂದೆ ಬಗ್ಗದ ನಾನು ಅಲ್ಲಿ ಬಗ್ಗುತ್ತಿದ್ದೆ. ಬೆಳಕಿಗೆ ಬಿಟ್ಟ ಕಿಂಡಿ ಮನೆಯ ಕಡೆಗೆ ಬೆನ್ನು ಮಾಡಿತ್ತು. ವಿನ್ಯಾಸದ ಈ ಅಂಶ ಆಕಸ್ಮಿಕವಲ್ಲವೆಂದು ನನ್ನ ನಂಬಿಕೆ. ಮೇಲೆ ಸೋರೆಬುರುಡೆಗಳಲ್ಲಿ ಬೂದಿ ಬೆರೆಸಿದ ಬೀಜ ತೂಗುಹಾಕಿದ್ದರು. ಕೆಳಗೆ ಎರಡು ಗೋಣಿತಟ್ಟು. ಮೂಲೆಯ ಹಲಗೆಯ ಮೇಲೆ ಎರಡು ಪಿಂಗಾಣಿ ಕಪ್ಪು.

ಎರಡನೆಯ ತಟ್ಟು, ಎರಡನೆಯ ಕಪ್ಪು ಇಮಾಮಸಾಹೇಬರವು. ವಿಜಾಪುರದವರು, ಕಾಕಾನ ಕಚೇರಿಯಲ್ಲೇ ಇದ್ದವರು. ಇಡೀ ಕಚೇರಿ ಮರಾಠಿ ಮಾತಾಡುವಾಗ ಒಂದು ದಿನ ಯಾರೋ ಬೆರಳು ಜಜ್ಜಿಕೊಂಡು ಕನ್ನಡದಲ್ಲಿ ಬೈದದ್ದು ಕೇಳಿ ಕಾಕಾ ಓಡಿಹೋಗಿ ಅವರ ಕೈ ಹಿಡಿದರಂತೆ. ಅಂದಿನಿಂದ ರವಿವಾರದ ಭೇಟಿ ತಪ್ಪಿಲ್ಲ. ಆದರೆ ಕಾಕಾನ ಹೆಂಡತಿ, ನಮ್ಮ ಕಾಕೂನ ಮಡಿಯಿಂದಾಗಿ ಅವರನ್ನು ಮನೆಯೊಳಗೆ ಕರೆಯುವಂತಿಲ್ಲ. ಹೀಗಾಗಿ ಇಬ್ಬರೂ ಖೋಲಿಯಲ್ಲಿ ಕೂತು ಬದನೆಯ ಬಗ್ಗೆ ಜಗಳಾಡುತ್ತಿದ್ದರು. ಇಮಾಮಸಾಹೇಬರು ‘ವೈನಿ’ ಎನ್ನುವ ಕಾಕೂ ಚಹಾ ಕುದಿಸುವಳು, ಕಾಕಾ ತಂಬಿಗೆಯಲ್ಲಿ ಹಿತ್ತಲು ದಾಟಿಸಿ ಕಪ್ಪುಗಳಿಗೆ ಬಗ್ಗಿಸುವರು. ಮನೆಯೊಳಗೆ ಹಿತ್ತಾಳೆಯ ಹೊರತು ಬೇರೆ ಪಾತ್ರೆ ಮುಟ್ಟದ ಮನುಷ್ಯ ಅಲ್ಲಿ ಮಡಿಗೆ ಸಲ್ಲದ ಪಿಂಗಾಣಿಯಲ್ಲಿ ಕುಡಿಯುತ್ತಾನೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತಿ ಆಡುತ್ತಿರಲಿಲ್ಲ. ಮಡಿಯಲ್ಲಿ ನನಗೆ ಕಾಸಿನಷ್ಟೂ ನಂಬಿಕೆಯಿಲ್ಲ. ಆದರೆ ಅಡಿಗೆಯೂ ಬರುವುದಿಲ್ಲವಾದ್ದರಿಂದ ಆ ವಿಷಯವನ್ನು ಊಟದ ಹೊತ್ತಿನಲ್ಲಿ ಎತ್ತುವುದಿಲ್ಲ.

ಹೋದ ಬೇಸಿಗೆಯಲ್ಲಿ ಖೋಲಿಗೆ ಗಂಡಾಂತರ ಬಂತು. ಅದರೊಳಗಿಂದ ಹೊರಟ ಒಂದು ಚೇಳು ಕಾಕೂನ ಕಾಲಿನ ಹತ್ತಿರವೇ ಹಾಯ್ದುಹೋಯಿತು.

‘ಆ ಖೋಲಿ ತಗಸ್ರಿ ಅಂತ ಎಷ್ಟು ಸಲ ಹೇಳ್ಬೇಕ್ರಿ ನಿಮಗ? ಬಾವಿ ಕಡೆ ಒಂದು ಬಚ್ಚಲಾ ಆದ್ರ ನನಗ ನೀರು ಹೊರೂದು ತಪ್ಪತದ. ಶೀನೂ, ನೀನರ ಹೇಳೋ. ಊರ ಮಂದೀಗೆಲ್ಲಾ ಹೇಳ್ತಿ!’

ವಕಾಲತ್ತು ಸಿಕ್ಕಿತಲ್ಲ, ನಾನು ಎದ್ದು ನಿಂತೆ. ಒಂದು ಗುದ್ದಲಿ, ಒಂದು ಸಲಿಕೆ, ನೀರು ಹಾಕುವ ಒಂದು ಝಾರಿ, ಇವನ್ನು ಇಡುವುದಕ್ಕೆ ಹಿಂದಿನ ಪಡಸಾಲೆಯ ಮೂಲೆ ಸಾಕು. ಬೀಜದ ಬುರುಡೆಗಳಿಗೆ ಜಂತಿ ಇದೆ. ಗೊಬ್ಬರಕ್ಕೆ ಬೇವಿನ ಬುಡ ಇದೆ. ಆದ್ದರಿಂದ ಖೋಲಿಯಿಂದ ಆಗುವ ಯಾವ ಕೆಲಸವೂ ಖೋಲಿ ಇಲ್ಲದೆ ನಿಲ್ಲುವುದಿಲ್ಲ. ಹೀಗೆ ಒಂದೊಂದೇ ಉಪಯೋಗವನ್ನು ಎತ್ತಿ ಕೆಡವಿ, ಉತ್ತರಕ್ಕಾಗಿ ಕಾದೆ.

ಕಾಕಾ ನಶ್ಯದ ಡಬ್ಬಿ ಮುಚ್ಚಿದರು. ‘ನೀ ಹೇಳೂದು ಖರೆ ಅದಪಾ,’ ಎಂದರು.

ಎದುರಾಳಿ ಒಪ್ಪಿಕೊಂಡುಬಿಟ್ಟರೆ ವಾದಿಗೆ ಆಗುವ ನಿರಾಸೆ ಅನುಭವಿಸಿದವರಿಗೇ ಗೊತ್ತು. ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟ ಹಾಗೆ ಆಗುತ್ತದೆ. ಕಾಕಾ ಮರುದಿನದಿಂದಲೇ ಸಾಮಾನು ಹೊರಗಿಡತೊಡಗಿದರು. ಮುಖದಲ್ಲಿ ಸಿಟ್ಟಿಲ್ಲ. ರವಿವಾರ ಮುಂಜಾನೆ ಎಲ್ಲ ಹಿತ್ತಲಲ್ಲಿ ಬಿದ್ದಿದ್ದಾಗ, ಒದ್ದೆ ಬಟ್ಟೆಯಲ್ಲಿ ಗುಲಾಬಿಯ ಕಡ್ಡಿ ಸುತ್ತಿಕೊಂಡು ಇಮಾಮಸಾಹೇಬರು ಹಿಂದಿನ ಬಾಗಿಲಿಗೆ ಬಂದರು.

‘ಏನ್ರಿ ರಾಯರ, ಮನಿ ಬದಲಿ ಮಾಡಾಕತ್ತೀರೇನು?’

‘ಮನಿ ಅಲ್ಲೋ ಮಾರಾಯಾ, ಖೋಲಿ. ಇಲ್ಲೆ ಬಚ್ಚಲಾ ಆಗ್ತದ.’

‘ಛಲೋ ಆತು ಬಿಡ್ರಿ. ನಿಮ್ಮ ಬದನಿಗಿಡಕ್ಕ ಬಚ್ಚಲ ನೀರರ ಸಿಗ್ತದ, ಇಲ್ಲಾಂದ್ರ ಅವು ಕಾಯಿ ಬಿಡೂ ಲಕ್ಷಣ ಇಲ್ಲ.’ ನಕ್ಕರು. ಆಮೇಲೆ ಕೂಡಲು ಗೋಣಿತಟ್ಟು ಹುಡುಕಿದ ಅವರ ಕಣ್ಣು ಕಿತ್ತ ತಗಡಿನ ಮೇಲೆ ಹಾಯಿತು. ‘ಇನ್ನ ಮ್ಯಾಲೆ ಬಾಗಲದಾಗ ನಿಂತು ಮಾತಾಡಿ ಹೋಗ್ತೀನಿ. ವೈನಿಯವರಿಗೆ ಚಹಾದ ತ್ರಾಸ ತಪ್ಪಿತು.’

ಎಲ್ಲ ಉಪಯೋಗಗಳನ್ನೂ ಎಣಿಸಿದ್ದ ನಾನು ಈ ಒಂದನ್ನು ಎಣಿಸಿರಲಿಲ್ಲ. ಸಾಮಾನು ನೋಡಿದ್ದೆ, ಕೂತವರನ್ನು ನೋಡಿರಲಿಲ್ಲ. ಕಾಕೂ ಬಾಗಿಲಲ್ಲೇ ನಿಂತಿದ್ದಳು. ಗುದ್ದಲಿ ಸಲಿಕೆಗಳ ನಡುವೆ ಆ ಎರಡು ಕಪ್ಪು ಅವಳ ಕಣ್ಣಿಗೆ ಬಿದ್ದವು.

‘ಇವನ್ನ ಎಲ್ಲಿಡೂದು?’ ಎಂದಳು. ‘ಹೇಳೋ ಶೀನೂ. ಗೆದ್ದಾವ ನೀನ ಅಲ್ಲ?’

‘ಅಡಿಗಿಮನ್ಯಾಗ ಇಡು.’

‘ಅದು ಆಗೂದಿಲ್ಲ.’

‘ಹಂಗಾರ ತಿಪ್ಪಿಗೆ ಒಗದುಬಿಡು.’

‘ಏ, ಅದೂ ಆಗೂದಿಲ್ಲ!’

ಈ ಎರಡರ ಆಚೆ ನನ್ನ ವಿದ್ಯೆಯಲ್ಲಿ ಮೂರನೆಯದಿರಲಿಲ್ಲ. ಕಾಕೂ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗಿಳಿದು ಅತ್ತಿತ್ತ ನೋಡಿದಳು. ‘ಬಚ್ಚಲಾ ಬಾವಿ ಕಡೆ ಆಗ್ಲಿ. ಖೋಲಿ ತಂದು ಇಲ್ಲೆ ಹಚ್ರಿ, ಅಡಿಗಿಮನಿ ಕಿಡಕಿ ಹೊರಗ. ಕಿಡಕಿ ಒಳಗಿಂದ ಚಹಾ ಕೊಟ್ಟರ ಬಿಸಿ ಇರ್ತದ. ಇಷ್ಟು ವರ್ಷ ಆರಿದ ಚಹಾ ಕುಡದಾರ ಅವರು, ಒಂದಿನಾನೂ ಅಂದಿಲ್ಲ.’

‘ಅಯ್ಯ ವೈನಿಯವರ, ನಮ್ಮ ಮನ್ಯಾಗೂ ನನಗ ಆರಿದ್ದ ಸಿಗ್ತದ ತಗೋರಿ,’ ಎಂದರು ಇಮಾಮಸಾಹೇಬರು, ಕಡ್ಡಿಗಳನ್ನು ಕಾಕಾನ ಕೈಗಿಡುತ್ತ.

ಅವರು ಹೋದಮೇಲೆ ನಾನು ಸುಮ್ಮನಿರಲಿಲ್ಲ. ‘ಕಾಕೂ, ಇದು ತರ್ಕಕ್ಕ ನಿಲ್ಲೂದಿಲ್ಲ. ಕೈಗೆ ಹತ್ತೂವಷ್ಟು ಹತ್ರ ಕೂಡಸ್ತಿ, ಒಳಗ ಕರೆಯೂದಿಲ್ಲ. ಕರೀಬೇಕು, ಇಲ್ಲಾ ಯಾಕ ಕರೆಯೂದಿಲ್ಲ ಅಂತ ಹೇಳಬೇಕು.’

ಅವಳು ಒಲೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. ‘ನಿಮ್ಮ ಸಭಾಕ್ಕ ಹೌದು ಅನ್ನೂದೊಂದು ಬಾಗಲಾ, ಅಲ್ಲ ಅನ್ನೂದೊಂದು ಬಾಗಲಾ. ಮನಿಗೆ ಕಿಡಕೀನೂ ಬೇಕಾಗ್ತಾವಪಾ.’

ನಾನು ಸೋತೆನೆಂದು ತಿಳಿಯಬೇಡಿ. ಬಾಗಿಲು ತೆಗೆಯಬೇಕೆಂಬುದೇ ಇವತ್ತಿಗೂ ನನ್ನ ವಾದ. ಆದರೆ ಹೊಸ ಖೋಲಿ ಏನು ಮಾಡಿದೆ ಎಂಬುದನ್ನು ದಾಖಲು ಮಾಡದಿದ್ದರೆ ನ್ಯಾಯವಾಗದು. ಕಾಕಾನಿಗೆ ಅಡಗಿ ಕೂಡುವ ಸುಖ ಹೋಯಿತು. ನಶ್ಯ ಏರಿಸಿದರೆ ಒಳಗಿನಿಂದ ಕೆಮ್ಮು ಕೇಳಿಸುತ್ತದೆ. ಬದನೆಯ ಜಗಳಕ್ಕೆ ಈಗ ಮೂರನೆಯ ಪಕ್ಷ ಹುಟ್ಟಿದೆ. ಕೃಷ್ಣೆಯ ದಂಡೆಯ ಬದನೆಗೆ ಎಣ್ಣೆ ಕಡಿಮೆ ಸಾಕು ಎಂದು ಇಮಾಮಸಾಹೇಬರು ಅಂದರೆ, ‘ಮಸಾಲಿ ತುಂಬಿದವರಿಗೆ ಗೊತ್ತು, ತಿಂದವರಿಗೇನು ಗೊತ್ತು?’ ಎಂದು ಕಿಡಕಿಯೇ ಉತ್ತರ ಕೊಡುತ್ತದೆ. ಕಾಕಾ ನನಗೂ ಪಾತಿ ಮಾಡುವ ಕೆಲಸ ಹಚ್ಚಿದ್ದಾರೆ. ವಾದ ಮಾಡುವ ಬಾಯಿಗೆ ಗುದ್ದಲಿ ಒಳ್ಳೆಯ ಔಷಧವಂತೆ.

ಮೊನ್ನೆ ರವಿವಾರ ಅದೇ ಗುದ್ದಲಿ ತರುವುದಕ್ಕೆ ಬಗ್ಗಿ ಒಳಗೆ ಹೋದೆ. ಇಮಾಮಸಾಹೇಬರು ಆಗತಾನೆ ಹೋಗಿದ್ದರು, ಕಾಕಾ ಅವರನ್ನು ಕಳಿಸಲು ಟಾಂಗಾದವರೆಗೆ ಹೋಗಿದ್ದರು. ಕಿಡಕಿಯ ಕಟ್ಟೆಯ ಮೇಲೆ ತೊಳೆದ ಪಿಂಗಾಣಿ ಕಪ್ಪುಗಳನ್ನು ಬೋರಲು ಹಾಕಿತ್ತು. ಮೂರು ಕಪ್ಪು. ಮೂರೂ ಒದ್ದೆ. ನಾನು ಚಹಾ ಕುಡಿಯುವುದಿಲ್ಲ. ಒಳಗೆ ಕಾಕೂ ಏನೋ ಗುನುಗುತ್ತ ಒಲೆ ಸಾರಿಸುತ್ತಿದ್ದಳು. ಮೂರನೆಯದು ಯಾರದೆಂದು ಕೇಳಬಹುದಿತ್ತು, ಅಂಥ ಪ್ರಶ್ನೆಯನ್ನು ಚರ್ಚಾಕೂಟದಲ್ಲಿ ಕೈಬಿಟ್ಟವನಲ್ಲ ನಾನು. ಗುದ್ದಲಿ ತಗಡಿಗೆ ತಾಗಿ ಸಪ್ಪಳವಾಗದ ಹಾಗೆ ಎತ್ತಿಕೊಂಡು ಹೊರಗೆ ಬಂದೆ.