ಚರಕದ ಮುಂದೆ ಕಲಿಸಿದ ಸ್ಪೆಲಿಂಗು

ಕುದಿಯುವ ರೇಷ್ಮೆಗೂಡಿನ ವಾಸನೆ ನಿಮ್ಮ ಮೂಗಿಗೆ ಇನ್ನೂ ಬಿದ್ದಿಲ್ಲವೆಂದರೆ ನೀವು ಪುಣ್ಯವಂತರು. ಮೊನ್ನೆ ಭಾನುವಾರ ಹನೂರಿನಿಂದ ಕೊಳ್ಳೇಗಾಲಕ್ಕೆ ಬಂದು ನಮ್ಮ ಬೀದಿಗೆ ತಿರುಗಿದೆನೋ ಇಲ್ಲವೋ, ಅದು ಎದುರಿಗೇ ಬಂತು. ಬೇರೆಯವರು ಮೂಗು ಮುಚ್ಚಿಕೊಳ್ಳುವ ಆ ವಾಸನೆ ಬಂದರೆ ನನಗೆ ಇಂಗ್ಲಿಷ್ ಸ್ಪೆಲಿಂಗು ನೆನಪಾಗುತ್ತದೆ.

ಆಗ ನನಗೆ ಹನ್ನೆರಡು ವರ್ಷ. ಅಪ್ಪನ ತಂಗಿ, ನನ್ನ ಅತ್ತೆ, ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು ಹಗಲೆಲ್ಲ ಗೂಡಿನಿಂದ ನೂಲು ತೆಗೆಯುತ್ತಿದ್ದಳು. ಅವಳಿಗಿದ್ದದ್ದು ಒಂದೇ ಆಸೆ: ನರ್ಸ್ ಟ್ರೈನಿಂಗಿಗೆ ಸೇರಿ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಅದಕ್ಕೊಂದು ಪರೀಕ್ಷೆ, ಅದರಲ್ಲಿ ಇಂಗ್ಲಿಷ್ ಉಕ್ತಲೇಖನ. ಮನೆಯಲ್ಲಿ ಇಂಗ್ಲಿಷ್ ಓದುತ್ತಿದ್ದವಳು ನಾನೊಬ್ಬಳೇ ಆದ್ದರಿಂದ ಮೇಷ್ಟರ ಪಟ್ಟ ನನಗೇ ಬಂತು.

ಅತ್ತೆಯ ಎರಡು ಕೈಯೂ ಗೂಡು ಬೇಯುವ ಬಿಸಿನೀರಿನಲ್ಲಿ. ಪುಸ್ತಕ ಹಿಡಿಯುವಂತಿಲ್ಲ, ಸ್ಲೇಟು ಮುಟ್ಟುವಂತಿಲ್ಲ. ನಾನು ನೂಲು ಸುತ್ತುವ ಚರಕ ತಿರುಗಿಸುತ್ತ ಪ್ರತಿ ಸುತ್ತಿಗೂ ಒಂದೊಂದು ಅಕ್ಷರ ಹೇಳಬೇಕು, ಅವಳು ಎಳೆ ಹಿಡಿದುಕೊಂಡೇ ಅದನ್ನು ಒಪ್ಪಿಸಬೇಕು. ಕ್ಯೂ ಬಂದರೆ ಹಿಂದೆಯೇ ಯು ಬರಬೇಕು. ಎಷ್ಟೋ ಪದಗಳ ಕೊನೆಗೆ ಕೂತ ಇ ಸದ್ದು ಮಾಡುವುದಿಲ್ಲ. ನೋಡಿಕೊಳ್ಳಲು ಪುಸ್ತಕವಿಲ್ಲದ ಮೇಲೆ ನಾನು ಹೇಳಿದ್ದೇ ವೇದವಾಕ್ಯ. ಆ ಅಧಿಕಾರದ ರುಚಿ ನನಗೆ ಚೆನ್ನಾಗಿಯೇ ಹತ್ತಿತು.

‘ಹಿಲ್’ ಎಂದರೆ ಬೆಟ್ಟ ಎಂದು ಕಲಿಸಿದ ದಿನ ಅತ್ತೆ ಕೇಳಿದಳು, “ಇದ್ಕೆ ಯಾಕ್ ಕೂಸು ಎರಡು ಎಲ್ಲು?”

ನನಗೆ ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳಲು ಮೇಷ್ಟರ ಗತ್ತು ಬಿಡಲಿಲ್ಲ.

“ದೊಡ್ದಲ್ವಾ ಅತ್ತೆ! ಬಿಳಿಗಿರಿರಂಗನ ಬೆಟ್ಟಕ್ಕೆ ಒಂದು ಎಲ್ಲು ಸಾಕಾದದಾ? ಗೋಡೆಗೂ ಎರಡೇಯ. ಚಿಕ್ಕದ್ಕೆಲ್ಲ ಒಂದೇ.”

ಅತ್ತೆ ನಂಬಿದಳು. ಅಲ್ಲಿಂದಾಚೆಗೆ ನನಗೆ ತಿಳಿಯದ್ದಕ್ಕೆಲ್ಲ ಒಂದೊಂದು ಹೊಸ ನಿಯಮ ಹುಟ್ಟಿತು.

ಮೈಸೂರಿಗೆ ಹೋಗಿ ಪರೀಕ್ಷೆ ಬರೆದು ಬಂದವಳ ಮುಖ ಅರಳಿತ್ತು. “ಪಿಲ್ ಅಂತ ಒಂದು ಕೊಟ್ಟಿದ್ರು ಕಣ್ ಕೂಸು. ಗುಳಿಗೆ ಚಿಕ್ಕದಲ್ವಾ, ಒಂದೇ ಎಲ್ಲು ಆಕ್ಬುಟ್ಟು ಬಂದೆ.”

ಪಿಲ್‌ಗೂ ಎರಡು ಎಲ್ಲೆಂದು ನನಗೆ ಗೊತ್ತಿತ್ತು. ಅವಳಿಗೆ ಹೇಳಲಿಲ್ಲ. ಅವಳು ಆಯ್ಕೆಯಾಗಲಿಲ್ಲ. ಅದು ನನ್ನ ನಿಯಮಗಳಿಂದಲೇ ಆಯಿತೆಂದು ಹೇಳಲಾರೆ, ನನ್ನ ಪಾಲಂತೂ ಇತ್ತು. ಪರೀಕ್ಷೆಗೆ ಇನ್ನೊಮ್ಮೆ ಕಟ್ಟು ಎಂದು ಅಪ್ಪ ಎಷ್ಟು ಹೇಳಿದರೂ, “ನಂದು ದಡ್ಡ ತಲೆ ಕಣಣ್ಣ, ಬುಟ್ಬುಡು” ಎಂದು ಮತ್ತೆ ಚರಕದ ಮುಂದೆ ಕೂತಳು. ನಾನು ಓದಿ ಹನೂರಿನಲ್ಲಿ ಇಂಗ್ಲಿಷ್ ಟೀಚರಾದೆ.

ಮೊನ್ನೆ ಒಳಗೆ ಕಾಲಿಟ್ಟಾಗ ಅತ್ತೆ ಪಕ್ಕದ ಮನೆಯಾಕೆಗೆ ಎಂದಿನ ಹೆಮ್ಮೆಯಿಂದ ನನ್ನನ್ನು ತೋರಿಸಿದಳು. “ನಂಗೆ ಇಂಗ್ಲಿಷ್ ಏಳ್ಕೊಟ್ಟೋಳು ಇವಳೇಯ. ನನ್ ದಡ್ಡ ತಲೆಗೇ ಅತ್ಲಿಲ್ಲ.” ಇಷ್ಟು ವರ್ಷ ಈ ಮಾತು ಕೇಳಿ ನಕ್ಕು ಸುಮ್ಮನಾಗಿದ್ದೇನೆ. ಮೊನ್ನೆ ಆಗಲಿಲ್ಲ. ಪಕ್ಕದ ಮನೆಯಾಕೆ ಎದ್ದು ಹೋದ ಮೇಲೆ ನಾನು ಕಟ್ಟಿ ಹೇಳಿದ್ದ ಸುಳ್ಳು ನಿಯಮಗಳನ್ನು ಒಂದೂ ಬಿಡದೆ ಎಲ್ಲ ಹೇಳಿಬಿಟ್ಟೆ. ಬೈಯಲಿ ಎಂದೇ ಕಾದೆ.

ಅತ್ತೆ ಕೈಗಳನ್ನು ನೀರಿನಿಂದ ತೆಗೆದು ಸೆರಗಿಗೆ ಒರೆಸಿಕೊಂಡಳು.

“ಅಂಗಾರೆ ನನ್ ತಲೆ ಸರ್ಯಾಗೇ ಇತ್ತು ಅನ್ನು,” ಎಂದಳು.