ಎದುರಾಳಿಯ ಪಾಳಿ

ಎಂಬತ್ತರ ದಶಕದ ಕೊನೆಯಲ್ಲಿ ಇಳಕಲ್ಲಿನಿಂದ ವಿದ್ಯಾಗಿರಿಯ ಕಾಲೇಜೊಂದಕ್ಕೆ ಉಪನ್ಯಾಸಕನಾಗಿ ಬಂದೆ. ಪರಿಚಯದವರು ಒಬ್ಬರೂ ಇರಲಿಲ್ಲ. ಭಾನುವಾರ ಬಂತೆಂದರೆ ಕಂಪ್ಯೂಟರ್ ಕೋಣೆ ಸೇರುತ್ತಿದ್ದೆ. ಧೂಳಿಗೆ ಯಂತ್ರ ಕೆಡುತ್ತದೆಂದು ಎಲ್ಲರೂ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡಬೇಕಿತ್ತು.

ಅಲ್ಲಿ ಯಾರೋ ಫ್ಲಾಪಿಯಲ್ಲಿ ತಂದಿಟ್ಟ ವಿಚಿತ್ರ ಆಟವೊಂದಿತ್ತು. ಕಪ್ಪು ಪರದೆಯ ಮೇಲಿನ ಹಸಿರು ಚುಕ್ಕೆಗಳೇ ನಕ್ಷತ್ರಗಳು. ಇಬ್ಬರು ಪಾಳಿಯ ಪ್ರಕಾರ ಹಡಗು ಕಳಿಸಿ ಗ್ರಹಗಳನ್ನು ಗೆಲ್ಲಬೇಕು. ಬಹಳ ಪಾಳಿಗಳವರೆಗೆ ಹಡಗು ಹೋಗದಿದ್ದರೆ ಗೆದ್ದ ಗ್ರಹವೂ ಮುನಿಸಿಕೊಂಡು ಮಾತು ಕೇಳುವುದನ್ನೇ ಬಿಡುತ್ತಿತ್ತು. ಆ ಮುನಿಸು ನನಗೆ ಹಿಡಿಸಿತ್ತು. ಆಟಕ್ಕೆ ಅವಸರವೂ ಇರಲಿಲ್ಲ. ಚಹಾ ಕುಡಿದು ಬರುವವರೆಗೂ ಸುಮ್ಮನೆ ಕಾಯುತ್ತಿತ್ತು. ಕರೆಂಟು ಹೋದರೆ ಮಾತ್ರ ಗೆದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಅದನ್ನೂ ಸಹಿಸಿಕೊಂಡೆ. ಒಬ್ಬನೇ ಆಡಲು ಬರುವುದಿಲ್ಲ ಎಂಬುದನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ.

ಕೊನೆಗೆ ಇಬ್ಬರ ಆಟವನ್ನೂ ನಾನೇ ಆಡತೊಡಗಿದೆ. ಒಬ್ಬರು ಆಡುವಾಗ ಇನ್ನೊಬ್ಬರು ಪರದೆ ನೋಡಬಾರದೆಂಬ ನಿಯಮವಿತ್ತು. ಅದಕ್ಕೇ ನನ್ನ ಪಾಳಿ ಮುಗಿದೊಡನೆ ಗೋಡೆಯತ್ತ ತಿರುಗಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಎದುರಾಳಿಗೆಂದು ಪಕ್ಕದಲ್ಲಿಟ್ಟ ಕುರ್ಚಿಯಲ್ಲಿ ಕೂರುತ್ತಿದ್ದೆ.

ಒಮ್ಮೆ ಕಾಲೇಜಿನ ಜವಾನ ಬಾಗಿಲಲ್ಲಿ ನಿಂತು ಕೇಳಿದ: "ಗ್ವಾಡಿ ಕಡೆ ಮುಖಾ ಮಾಡಿ ಯಾಕ ನಿಂತೀರಿ ಸರ?"

"ಈಗ ಅವರ ಪಾಳಿ ಐತಿ," ಎಂದೆ.

ಅವನು ಖಾಲಿ ಕುರ್ಚಿಯನ್ನು ನೋಡಿದ. ಹೊರಗಿದ್ದ ನನ್ನ ಒಂದೇ ಜೊತೆ ಚಪ್ಪಲಿಯನ್ನು ನೋಡಿದ. ಆಮೇಲೆ, ಒಳಗೆ ಯಾರೋ ಕೂತು ಯೋಚಿಸುತ್ತಿದ್ದಾರೆ ಎಂಬಂತೆ, ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೋದ.